ಹಳೇ ತಗಡಿಗೆ ಹೊಸ ರೇಡಿಯಂ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ನಡೆದ ಈ ಬೋರ್ಡಿನ ರಾದ್ಧಾಂತದಲ್ಲಿ ಅರ್ಧ ಕೆಲಸ ಮಾಡಿದ್ದು ಆ ಕೋಪವೇ. ಇನ್ನರ್ಧ ಮಾಡಿಸಿದ್ದು ನಮ್ಮ ಭಾವನ ಮುರಿದ ಕಾಲು.

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಪಂಚನಹಳ್ಳಿ ಕಡೆಯ ನಮ್ಮೂರಿನಲ್ಲಿ ಅವರದೂ ನಮ್ಮದೂ ಒಂದೇ ಅಂಗಳ, ಬೇರೆ ಬೇರೆ ಒಲೆ. ಬೆಳಗಿನ ಜಾವ ಊರು ಇನ್ನೂ ಮುಸುಕು ಹೊದ್ದು ಮಲಗಿರುವಾಗಲೇ ಅವರು ಹಾಲು ಕರೆದು, ಅಕ್ಕಪಕ್ಕದ ಮನೆಗಳ ಹಾಲನ್ನೂ ಕೂಡಿಸಿ, ಕ್ಯಾನುಗಳನ್ನು ಬೈಕಿನ ಎರಡೂ ಪಕ್ಕ ನೇತುಹಾಕಿಕೊಂಡು ಮೇನ್‌ರೋಡಿನ ಹೋಟೆಲುಗಳಿಗೆ ಹೊರಡುತ್ತಾರೆ. ಆ ದಾರಿಯಲ್ಲಿ ಕೆರೆ ಏರಿ ಮುಗಿಯುವ ಕಡೆ ಒಂದು ತಿರುವಿದೆ. ಒಂದು ಪಕ್ಕ ಕೆರೆ, ಇನ್ನೊಂದು ಪಕ್ಕ ತೆಂಗಿನ ತೋಟಕ್ಕೆ ಇಳಿಜಾರು. ಬೈಕಿನ ದೀಪ ಒಂದು ಕಡೆ ಹೊಡೆಯುತ್ತದೆ, ರಸ್ತೆ ಇನ್ನೊಂದು ಕಡೆ ಹೋಗುತ್ತದೆ.

ಸುಗ್ಗಿ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ರಾಗಿ ತೆನೆಯನ್ನೋ ಹುರುಳಿ ಬಳ್ಳಿಯನ್ನೋ ರಸ್ತೆ ತುಂಬ ಹರಡಿಬಿಡುತ್ತೇವೆ. ಬಸ್ಸು, ಟ್ರ್ಯಾಕ್ಟರು, ಮದುವೆಗೆ ಹೊರಟವರ ಕಾರು, ಎಲ್ಲವೂ ಪುಕ್ಕಟೆ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಕಾಳಿನ ರಾಶಿಯ ಮೇಲೆ ಯಾರೂ ನುಗ್ಗದಿರಲಿ ಎಂದು ಸುತ್ತ ತಲೆಗಾತ್ರದ ಕಲ್ಲಿಡುತ್ತೇವೆ. ಸಂಜೆ ಕಾಳು ಮನೆಗೆ ಬರುತ್ತದೆ, ಹುಲ್ಲು ಬಣವೆ ಸೇರುತ್ತದೆ, ಕಲ್ಲು ಮಾತ್ರ ಅಲ್ಲೇ ಕೂತಿರುತ್ತದೆ. ಕೇಳಿದರೆ, "ನಾಳೆ ಮತ್ತೆ ಬೇಕಲ್ಲ ಕಣವ್ವ" ಎಂಬ ಉತ್ತರ. ಅಂಥದ್ದೊಂದು ಕಲ್ಲಿಗೆ ಭಾವನ ಬೈಕು ಬಡಿದು, ಹಾಲೆಲ್ಲ ಏರಿಯ ಮೇಲೆ ಹರಿದು, ಅವರು ಇಳಿಜಾರಿನಲ್ಲಿ ಬಿದ್ದಿದ್ದರು. ಕಾಲಿಗೆ ರಾಡು ಹಾಕಿದರು. ಊರುಗೋಲು ಬಿಟ್ಟ ಮಾರನೆಯ ದಿನವೇ ಮತ್ತೆ ಬೈಕು ಹತ್ತಿದರು. ಬೇಡ ಎಂದು ಅಡ್ಡ ನಿಂತ ಅವರ ಹೆಂಡತಿಗೆ, "ನನ್ ಕಾಲು ವಾಸಿಯಾಗ್ಲಿ ಅಂತ ಹಸು ಕಾಯ್ತದೇನೇ?" ಎಂದು ಗದರಿದರು.

ಆಗಿನ ಅಧ್ಯಕ್ಷರು ಒಳ್ಳೆಯವರೇ. ಭಾವನ ಅವಸ್ಥೆ ನೋಡಿ ಪೇಟೆಯ ಒಬ್ಬ ಸಪ್ಲೈಯರ್ ಹತ್ತಿರ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳನ್ನು ತರಿಸಿ, ತಿರುವಿಗೆ ಫ್ಲೆಕ್ಸ್ ಬೋರ್ಡು ಕಟ್ಟಿಸಿದರು. ಇನ್ನು ರಸ್ತೆ ಮೇಲೆ ಕಲ್ಲಿಡಬೇಡಿ, ಕೋನು ಇಡಿ ಎಂದು ಟಾಂಟಾಂ ಹೊಡೆಸಿದರು. ನಮ್ಮ ಜನಕ್ಕೆ ಅಷ್ಟು ಹೇಳಿದರೆ ಸಾಕಿತ್ತು. ರಾಗಿ ರಾಶಿಯ ಸುತ್ತ ಕೋನು, ಹುರುಳಿಯ ಸುತ್ತ ಕೋನು, ಯಾರದೋ ಮನೆಯ ಒಣಮೆಣಸಿನಕಾಯಿ ಸುತ್ತಲೂ ಕೋನು. ನಾನೂ ನೋಡಿ ಭೇಷ್ ಅಂದುಕೊಂಡೆ.

ಬಿಸಿಲಿಗೆ ಆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಯಿತು. ಬಸ್ಸಿನ ಚಕ್ರ ಹತ್ತಿದರೆ ಲಟಲಟ ಮುರಿಯುತ್ತಿತ್ತು. ಮುರಿದದ್ದನ್ನು ಎತ್ತುವವರು ಯಾರು? ಅದರ ಮೇಲೇ ತೆನೆ ಹರಡಿದರು, ಅದರ ಮೇಲೇ ಗಾಡಿ ಓಡಿತು. ಕಾಳಿನ ಜೊತೆ ಕಿತ್ತಳೆ ಬಣ್ಣದ ನುಚ್ಚು, ಹುಲ್ಲಿನ ಜೊತೆ ಕಿತ್ತಳೆ ಬಣ್ಣದ ಚೂರು. ಕಾಳನ್ನಾದರೆ ಮೊರದಲ್ಲಿ ಕೇರಿ ಹಸನು ಮಾಡಿಕೊಂಡೆವು. ಹುಲ್ಲನ್ನು ಯಾರು ಕೇರುತ್ತಾರೆ? ಅದು ಹಾಗೇ ಬಣವೆಗೆ ಹೋಯಿತು, ಬಣವೆಯ ಮೇಲೆ ಮಳೆಗೆಂದು ತಿರುವಿನ ಫ್ಲೆಕ್ಸನ್ನೇ ಯಾರೋ ಬಿಚ್ಚಿ ಹೊದಿಸಿದರು.

ಬೇಸಿಗೆಯಲ್ಲಿ ಭಾವನ ಗಬ್ಬದ ಹಸು ಮೇವು ಬಿಟ್ಟಿತು. ಹೊಟ್ಟೆ ಉಬ್ಬಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ನಿಂತೇ ಇತ್ತು. ಡಾಕ್ಟರು ಬಂದರು, ಔಷಧ ಕೊಟ್ಟರು, ಉಳಿಯಲಿಲ್ಲ. ಇನ್ಶೂರೆನ್ಸಿಗೆಂದು ಹೊಟ್ಟೆ ಕೊಯ್ದು ನೋಡಿದಾಗ ನಾನು ಅಲ್ಲೇ ಇದ್ದೆ. ಕ್ಯಾರಿಬ್ಯಾಗು, ಹಗ್ಗ, ಅದರ ನಡುವೆ ಗಂಟುಗಟ್ಟಿದ ಕಿತ್ತಳೆ ಚೂರುಗಳು. ಭಾವ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತರು. ಆ ಬಣ್ಣ ಕಂಡರೆ ಈಗಲೂ ನನಗೆ ಮೈ ಉರಿಯುತ್ತದೆ.

ಅದಾಗಿ ಮಳೆಗಾಲದಲ್ಲಿ ಅಧ್ಯಕ್ಷಗಿರಿ ನನ್ನ ಪಾಲಿಗೆ ಬಂತು. ಕುರ್ಚಿಯಲ್ಲಿ ಕೂತು ಬಿಸಿ ಆರಿರಲಿಲ್ಲ, ಅದೇ ಸಪ್ಲೈಯರ್ ಕೊಟೇಷನ್ ಹಿಡಿದುಕೊಂಡು ಹಾಜರಾದ. ಮತ್ತೆ ಕೋನು, ಮತ್ತೆ ಫ್ಲೆಕ್ಸು, ಜೊತೆಗೆ ಪ್ಲಾಸ್ಟಿಕ್ ಸ್ಟ್ಯಾಂಡು.

"ಹೋದ ಸಲದ್ದು ಮುರಿದುಹೋಗಿದ್ಯಂತಲ್ಲ ಮೇಡಂ, ಈ ಸಲ ಇನ್ನೂ ಜಾಸ್ತಿ ಹಾಕ್ಸಿಬಿಡಿ" ಎಂದ.

"ಮುರಿದದ್ದನ್ನ ವಾಪಸ್ ತಗೊಂಡ್ಹೋಗ್ತೀರಾ?" ಎಂದೆ.

"ಅಯ್ಯೋ, ಕಸ ತಗೊಂಡು ನಾನೇನ್ಮಾಡ್ಲಿ ಮೇಡಂ?"

"ನಿಮಗೆ ಕಸ ಆದದ್ದು ನಮಗೇನು ಪ್ರಸಾದನಾ?"

ಅವನು ನಕ್ಕ. ನಾನು ನಗಲಿಲ್ಲ. ಪಿಡಿಒ ಸಾಹೇಬರು, ಅಂದರೆ ನಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು. ಆವತ್ತೇ ಅವರಿಗೆ ಹೇಳಿದೆ: ಇನ್ನುಮೇಲೆ ರಸ್ತೆಗೆ ಏನೇ ಕೊಂಡರೂ ಅದು ಎಷ್ಟು ಕಾಲ ಬಾಳುತ್ತದೆ, ಕೆಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ, ಇವೆರಡನ್ನು ಕೇಳದೆ ನಾನು ಸಹಿ ಹಾಕುವುದಿಲ್ಲ. ಅವರು ತಲೆ ಕೆರೆದುಕೊಂಡರು. "ಆಡಿಟ್‌ನೋರು ಕೇಳಿದ್ರೆ ಏನ್ ಹೇಳೋದು ಮೇಡಂ?" ಎಂದರು. ಕೇಳಲಿ, ಅವರನ್ನೂ ತಿರುವಿಗೆ ಕರೆದುಕೊಂಡು ಬನ್ನಿ ಎಂದೆ.

ಆದರೆ ಬೇಡ ಅನ್ನುವುದು ಸುಲಭ, ಅದರ ಬದಲಿಗೆ ಏನು ಅಂತ ಹೇಳಬೇಕಲ್ಲ. ನನ್ನ ತವರು ಅಜ್ಜಂಪುರದ ಕಡೆ. ಒಂದು ಕಾರ್ಯಕ್ಕೆಂದು ಅಲ್ಲಿಗೆ ಹೋಗಿ ಬಸ್ಸಿನಲ್ಲಿ ತರೀಕೆರೆಗೆ ಬಂದು, ಅಲ್ಲಿಂದ ಕಡೂರಿನ ಬಸ್ಸಿಗೆ ಕಾಯುತ್ತಿದ್ದಾಗ ಗುಜರಿ ಅಂಗಡಿಯೊಂದರ ಮುಂದೆ ರಸ್ತೆ ಬೋರ್ಡುಗಳ ಅಟ್ಟಿ ಕಂಡಿತು. ಎಲ್ಲ ಅಲ್ಯೂಮಿನಿಯಂ ತಗಡು. ಒಂದರ ಮೇಲೆ ಮಾಸಿದ ಅಕ್ಷರದಲ್ಲಿ ಕೆಮ್ಮಣ್ಣುಗುಂಡಿ ಎಂದು ಇತ್ತು, ಪಕ್ಕದಲ್ಲಿ ಬಾಣದ ಗುರುತು. ಬಣ್ಣ ಹೋಗಿತ್ತು, ತಗಡು ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು.

"ಕದ್ದ ಮಾಲೇನಪ್ಪ?" ಎಂದು ಕೇಳಿದೆ.

ಗುಜರಿಯವನಿಗೆ ಸಿಟ್ಟು ಬಂತು. "ರಸ್ತೆ ಅಗಲ ಮಾಡ್ದಾಗ ಹರಾಜಲ್ಲಿ ಹಿಡಿದಿದ್ದು ಕಣಕ್ಕ. ರಸೀದಿ ಬೇಕಾ?"

"ಬೇಕು" ಎಂದೆ. ತೋರಿಸಿದ. ಬಸ್ಸು ಬಂದು ಹೋಯಿತು, ನಾನು ಅಲ್ಲೇ ನಿಂತು ಒಂದೊಂದೇ ತಗಡನ್ನು ಬೆರಳಿನಲ್ಲಿ ಬಡಿದು ನೋಡಿದೆ.

ಲೆಕ್ಕಾಚಾರ ಮನಸ್ಸಿನಲ್ಲೇ ಕೂಡಿಬಂತು. ತಗಡು ಇಲ್ಲಿದೆ. ನೀರು ಬತ್ತಿದ ಬೋರ್‌ವೆಲ್‌ಗಳಿಂದ ಎತ್ತಿದ ಕಬ್ಬಿಣದ ಪೈಪು ಪಂಚಾಯಿತಿ ಹಿತ್ತಲಲ್ಲಿ ರಾಶಿ ಬಿದ್ದಿದೆ, ಅದೇ ಕಂಬ. ಸವೆದುಹೋದ ಟ್ರ್ಯಾಕ್ಟರ್ ನೇಗಿಲಿನ ತಟ್ಟೆಗಳು ಪ್ರತಿ ಮನೆಯ ಮೂಲೆಯಲ್ಲೂ ಇವೆ, ಕೋನಿನ ಬದಲು ರಾಶಿಯ ಹತ್ತಿರ ಎತ್ತಿಡುವ ಬೋರ್ಡಿಗೆ ಅವೇ ಪಾದ. ಹೊಸದಾಗಿ ಕೊಳ್ಳಬೇಕಾದದ್ದು ದೀಪ ಬಿದ್ದರೆ ಹೊಳೆಯುವ ಹಾಳೆ ಒಂದೇ. ನಮ್ಮ ಕಡೆ ಅದಕ್ಕೆ ರೇಡಿಯಂ ಅನ್ನುತ್ತಾರೆ. ಅದರಲ್ಲಿ ಮಾತ್ರ ಜಿಪುಣತನ ಕೂಡದು, ವರ್ಷಾನುಗಟ್ಟಲೆ ಬಾಳುವ, ಜೇನುಗೂಡಿನ ಹಾಗೆ ಕಣ್ಣುಕಣ್ಣಾಗಿರುವ ಹಾಳೆಯೇ ಬೇಕು ಎಂದು ಗಟ್ಟಿ ಮಾಡಿಕೊಂಡೆ.

ಗ್ರಾಮಸಭೆಯಲ್ಲಿ ಇದನ್ನು ಹೇಳಿದಾಗ ಮೊದಲು ಎದ್ದು ನಿಂತದ್ದು ನಮ್ಮ ಭಾವನೇ. ರಾಡು ಹಾಕಿದ ಕಾಲನ್ನು ಎಳೆದುಕೊಂಡು ಮುಂದೆ ಬಂದರು.

"ಹಸು ಹೋಯ್ತು. ಈಗ ಗುಜರಿ ತಗಡು ನಂಬ್ಕೊಂಡು ನಾನೂ ಹೋಗ್ಬೇಕೇನಮ್ಮಾ? ಹೊಸಾದು ಮುರೀಲಿ, ಬಿಡು. ಮುರಿಯೋವರ್ಗಾದ್ರೂ ಕಾಣ್ತದಲ್ಲ. ದಿನಾ ಆ ತಿರುವಲ್ಲಿ ಹೋಗೋನು ನಾನು, ನೀನಲ್ಲ."

ನಮ್ಮ ಯಜಮಾನರು ತಲೆ ತಗ್ಗಿಸಿ ಟವೆಲ್ಲಿನ ಅಂಚು ಹಿಡಿದುಕೊಂಡರು. ನನಗೆ ಮುಖಕ್ಕೆ ಹೊಡೆದಂತಾಯಿತು, ಯಾಕೆಂದರೆ ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಟವೆಲ್ಲ ನನ್ನದು, ಜೀವ ಅವರದು.

"ಭಾವ, ಸುಗ್ಗಿ ಶುರುವಾಗೋ ಹೊತ್ತಿಗೆ ನನ್ ಬೋರ್ಡು ಕತ್ತಲಲ್ಲಿ ಕಾಣ್ದೇ ಹೋದ್ರೆ, ಟಾರ್ಚು ಹಿಡ್ಕೊಂಡು ನಾನೇ ಆ ತಿರುವಲ್ಲಿ ನಿಂತ್ಕೋತೀನಿ. ದಿನಾ ನಿಂತ್ಕೋತೀನಿ. ಆದ್ರೆ ಆ ಕಿತ್ತಳೆ ದರಿದ್ರ ಮತ್ತೆ ನಮ್ಮೂರ ಹುಲ್ಲಿಗೆ ಸೇರೋಕೆ ಬಿಡಲ್ಲ" ಎಂದೆ.

ಯಾರೋ ಹಿಂದಿನಿಂದ, "ಅಧ್ಯಕ್ಷರೇ ಬೋರ್ಡು ಕಣ್ರಪ್ಪೋ!" ಎಂದರು. ಎಲ್ಲರೂ ನಕ್ಕರು. ಭಾವ ನಗಲಿಲ್ಲ.

ತಗಡು ಬಂತು. ಪೈಪು ಕತ್ತರಿಸಿ ವೆಲ್ಡಿಂಗ್ ಮಾಡಿಸಿದೆವು. ಬೈಕಿನ ನಂಬರ್ ಪ್ಲೇಟಿಗೆ ಸ್ಟಿಕ್ಕರ್ ಅಂಟಿಸುವ ಕಡೂರಿನ ಅಂಗಡಿಯವನಿಗೆ ರೇಡಿಯಂ ಹಾಳೆ ತರಿಸಿಕೊಟ್ಟೆ. ಅವನು ಹಳೇ ಬಣ್ಣದ ಮೇಲೇ ಚೆನ್ನಾಗಿ ಉಜ್ಜಿ ಅಂಟಿಸಿದ. ತಿರುವಿನಲ್ಲಿ ನೆಟ್ಟಾಗ ಬೋರ್ಡು ಮದುವಣಗಿತ್ತಿಯ ಹಾಗೆ ಮಿರಿಮಿರಿ ಮಿಂಚಿತು. ನಾನು ಅಲ್ಲಿಂದ ಮನೆಗೆ ಬರುವವರೆಗೂ ಬೀಗುತ್ತಲೇ ಬಂದೆ.

ಒಂದು ವಾರ ಬಿಸಿಲು ಕಾಯ್ದದ್ದೇ ತಡ, ಹಾಳೆ ಗುಳ್ಳೆ ಎದ್ದಿತು. ಭಾವ ಅಂಚಿಗೆ ಉಗುರು ಹಾಕಿ ಎಳೆದರು. ಬಾಳೆಹಣ್ಣಿನ ಸಿಪ್ಪೆಯಂತೆ ಕೈಗೆ ಬಂತು. ಅದನ್ನು ಅಂಗಳಕ್ಕೆ ತಂದು ನನ್ನ ಮುಂದೆ ಇಟ್ಟು ಹೋದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಸುಮ್ಮನೆ ಹೋದರಲ್ಲ, ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಅಷ್ಟರಲ್ಲಿ ಮುಂಚಿತವಾಗಿ ಕೊಯ್ದ ರಾಗಿ ರಸ್ತೆಗೆ ಬಂದಿತ್ತು, ಅದರ ಜೊತೆ ಕಲ್ಲೂ ಬಂದಿತ್ತು. ಕೊಟ್ಟ ಮಾತು ಕೊಟ್ಟಾಗಿದೆ. ಬೆಳಗಿನ ಜಾವ ತಲೆಗೆ ಟವೆಲು ಸುತ್ತಿ, ಟಾರ್ಚು ಹಿಡಿದು ತಿರುವಿಗೆ ಹೋಗಿ ನಿಂತೆ. "ಲೇ, ನಿನಗೆ ತಲೆ ಕೆಟ್ಟಿದ್ಯೇನೇ?" ಎಂದು ಕೂಗುತ್ತ ನಮ್ಮ ಯಜಮಾನರು ಹಿಂದೆಯೇ ಬಂದು, ಕೊನೆಗೆ ತಾವೂ ಪಕ್ಕದಲ್ಲಿ ನಿಂತುಕೊಂಡರು. ಭಾವನ ಬೈಕು ಬಂತು. ಟಾರ್ಚು ಆಡಿಸಿದೆ. ಅವರು ನಿಧಾನ ಮಾಡಿ, ನನ್ನ ಕಡೆ ನೋಡದೆ ಮುಂದೆ ಹೋದರು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಬೆಳಕು ಹರಿದ ಮೇಲೆ ಕಲ್ಲುಗಳನ್ನು ಎತ್ತಿ ಚರಂಡಿಗೆ ಎಸೆದು ಬರುತ್ತಿದ್ದೆ, ಮಧ್ಯಾಹ್ನದ ಹೊತ್ತಿಗೆ ಯಾರೋ ಮತ್ತೆ ತಂದಿಡುತ್ತಿದ್ದರು.

ಬೆಳಗ್ಗೆ ಅಲ್ಲಿ ನಿಲ್ಲುವುದು, ಹಗಲು ತಗಡಿನ ಕೆಲಸ. ತಪ್ಪು ಎಲ್ಲಿ ಎಂದು ಈಗ ಗೊತ್ತಾಗಿತ್ತು. ಹಳೇ ಬಣ್ಣ ತಗಡನ್ನು ಬಿಡುತ್ತಿತ್ತು, ಅದರ ಬೆನ್ನಿಗೇ ಹೊಸ ಹಾಳೆಯೂ ಬಿಡುತ್ತಿತ್ತು. ಬೆಂಕಿಗೆ ಹಿಡಿದರೆ ಒಂದೇ ಗಳಿಗೆ ಕೆಲಸ ಎಂದು ವೆಲ್ಡಿಂಗಿನವನು ಹೇಳಿದ. ಆ ಹೊಗೆ ಯಾರ ಮೂಗಿಗೆ ಹೋಗುತ್ತದೋ ಮಾರಾಯ ಎಂದು ಅವನ ಬಾಯಿ ಮುಚ್ಚಿಸಿದೆ. ನಮ್ಮ ಸ್ವಸಹಾಯ ಸಂಘದ ಹೆಂಗಸರನ್ನು ಕರೆದೆ. ಪಂಚಾಯಿತಿ ಅಂಗಳದಲ್ಲೇ ಒಲೆ ಹೂಡಿ, ಕೊತಕೊತ ಕುದಿಯುವ ನೀರು ಸುರಿದು, ದೋಸೆ ಮಗುಚುವ ಸಟ್ಟುಗದಲ್ಲಿ ಹಳೇ ಸ್ಟಿಕ್ಕರು ಎಬ್ಬಿಸಿದೆವು. ಉಳಿದ ಬಣ್ಣವನ್ನು ನೀರು ಹಾಕಿ ಉಪ್ಪುಕಾಗದದಲ್ಲಿ ತಿಕ್ಕಿದೆವು. ಆಮೇಲೆ ಹಬ್ಬದ ಹಿಂದಿನ ದಿನ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ಉಜ್ಜಿದ್ದೇ ಉಜ್ಜಿದ್ದು.

"ನಮ್ಮತ್ತೆ ಮನೇಲೂ ಇಷ್ಟು ಬೆಳಗಿರ್ಲಿಲ್ಲ ಕಣೇ" ಎಂದು ಒಬ್ಬಳು.

"ಇದ್ರಲ್ಲೇ ಪಾಯ್ಸ ಮಾಡ್ಬೋದು ಬಿಡು" ಎಂದು ಇನ್ನೊಬ್ಬಳು.

ಕೆಮ್ಮಣ್ಣುಗುಂಡಿಯ ಅಕ್ಷರಗಳು ಅಳಿಸಿ, ಬಾಣವೂ ಅಳಿಸಿ, ಕೊನೆಗೆ ನಮ್ಮ ಮುಖ ಕಾಣುವಷ್ಟು ತಗಡು ಬೆಳ್ಳಗಾಯಿತು. ಕೆರೆದ ಚೂರು, ಕದಡಿದ ನೀರು ಯಾವುದನ್ನೂ ಮಣ್ಣಿಗೆ ಬಿಡಲಿಲ್ಲ. ಗೋಣಿಚೀಲ ಹಾಸಿ ನೀರು ಸೋಸಿ, ಚೂರನ್ನೆಲ್ಲ ಮೂಟೆ ಕಟ್ಟಿದೆವು.

ಇನ್ನಷ್ಟು ಹಳೇ ತಗಡು ಸಿಗಬಹುದೆಂದು ಊರ ಹಿಂದಿನ ತಿಪ್ಪೆಯನ್ನು ಕೆದಕಿಸಿದಾಗ ಇನ್ನೊಂದು ವಿಷಯ ಬಯಲಾಯಿತು. ಹರಿದ ಫ್ಲೆಕ್ಸು, ಮುರಿದ ಕೋನು, ಚುನಾವಣೆಯ ಹಲಗೆ, ಎಲ್ಲ ಎತ್ತಿದ ಮೇಲೆ ಕೆಳಗೆ ಸಮನಾದ ಗಟ್ಟಿ ನೆಲ, ನಡುವೆ ಒಕ್ಕುವಾಗ ದನ ಕಟ್ಟುವ ಮೇಟಿ ಕಂಬ ನಿಲ್ಲಿಸುತ್ತಿದ್ದ ಗುಳಿ. ಅದು ಊರಿಗೆಲ್ಲ ಸೇರಿದ ಕಣ. ಒಕ್ಕಣೆ ರಸ್ತೆಗೆ ಹೋದ ಮೇಲೆ ಕಣ ತಿಪ್ಪೆಯಾಗಿತ್ತು. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ರಸ್ತೆಯಲ್ಲಿ ರಾಗಿ ಬಡಿಯುವುದಕ್ಕೆ ಬೋರ್ಡು ಕೊಂಡು, ಆ ಬೋರ್ಡಿನ ಕಸವನ್ನು ಕಣಕ್ಕೆ ಸುರಿದು, ಕಣವಿಲ್ಲ ಎಂದು ಮತ್ತೆ ರಸ್ತೆಗೆ ಹೋಗುತ್ತಿದ್ದವರು ನಾವೇ! ಕೋನು ಕೊಳ್ಳುವ ಮೊದಲು ಯಾರಾದರೂ ಈ ಕಡೆ ಒಂದು ಸಲ ತಿರುಗಿ ನೋಡಿದ್ದರೆ ಭಾವನ ಹಸು ಉಳಿಯುತ್ತಿತ್ತು.

ಆ ಕಸವನ್ನೂ ನಮ್ಮ ಮೂಟೆಗಳನ್ನೂ ಟ್ರ್ಯಾಕ್ಟರಿಗೆ ಹೇರಿ ಪೇಟೆಗೆ ಹೋಗಿ ಆ ಸಪ್ಲೈಯರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಈ ಕಸ ವಾಪಸ್ ತೆಗೆದುಕೊಂಡರೆ ರೇಡಿಯಂ ಹಾಳೆ ನಿಮ್ಮಲ್ಲೇ ಕೊಳ್ಳುತ್ತೇನೆ, ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವ ಇನ್ನೊಬ್ಬರಲ್ಲಿ ಕೊಳ್ಳುತ್ತೇನೆ ಎಂದೆ. ಬೀದಿಯ ಜನ ಸೇರಿದರು. ಅವನು ಬೆವರು ಒರೆಸಿಕೊಂಡು, ಪ್ಲಾಸ್ಟಿಕ್ ಕರಗಿಸುವ ಕಾರ್ಖಾನೆಯ ಯಾರಿಗೋ ಫೋನು ಮಾಡಿ ವಿಚಾರಿಸಿದ. ಕೊನೆಗೆ ಕೋನುಗಳ ಜೊತೆ ಮೂಟೆಗಳನ್ನೂ ಇಳಿಸಿಕೊಂಡ. "ನಿಮ್ ಸಹವಾಸ ಸಾಕು ಮೇಡಂ" ಎಂದ. "ಇನ್ನೂ ಶುರುವಾಗಿಲ್ಲ ಕಣಪ್ಪ" ಎಂದೆ.

ಕಣವನ್ನು ಸಗಣಿ ಹಾಕಿ ಸಾರಿಸಿದೆವು. ಅರ್ಧಕ್ಕರ್ಧ ಊರು ಅಲ್ಲಿಗೆ ಬಂತು. ಕೆರೆ ಆಚೆ ಹೊಲದವರು ಮಾತ್ರ ದೂರವಾಯಿತು ಎಂದು ರಸ್ತೆ ಬಿಡಲಿಲ್ಲ. ಬೈದು ಸಾಕಾಗಿ, ಎತ್ತಿಡುವ ಬೋರ್ಡನ್ನು ಅವರ ಕೈಗೇ ಕೊಟ್ಟೆ: ತೆನೆ ಹರಡಿದರೆ ಮೊದಲು ಇದು ನಿಲ್ಲಬೇಕು. ತಿರುವಿನಲ್ಲಿ ಬೆಳಗಿದ ತಗಡಿಗೆ ಹೊಸ ಹಾಳೆ ಅಂಟಿಸಿ ನೆಟ್ಟೆವು. ಒಂದು ವಾರ ಬಿಸಿಲು ಕಾಯ್ದಿತು. ದಿನಾ ಹೋಗಿ ಅಂಚಿಗೆ ಉಗುರು ಹಾಕಿ ನೋಡಿದೆ. ಉಗುರು ಮುರಿಯಿತು, ಹಾಳೆ ಅಲ್ಲಾಡಲಿಲ್ಲ.

ಆದರೂ ಜಾವದಲ್ಲಿ ಟಾರ್ಚು ಹಿಡಿದು ಹೋಗುವುದನ್ನು ನಾನು ನಿಲ್ಲಿಸಿರಲಿಲ್ಲ. ಒಂದು ದಿನ ಭಾವ ನನ್ನ ಪಕ್ಕದಲ್ಲೇ ಬೈಕು ನಿಲ್ಲಿಸಿದರು. "ಚಳಿ ಐತೆ. ಇನ್ಮೇಲೆ ಮನೇಲಿರು" ಎಂದರು. ಬೋರ್ಡು ಕಾಣಿಸಿತೋ ಇಲ್ಲವೋ ಎಂದು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಮಾರನೆಯ ದಿನ ಮಂಜು ಬಿದ್ದಿತ್ತು. ಅಂಗಳದಾಚೆಯ ಬಣವೆ ಕಾಣದಷ್ಟು ಮಂಜು. ಭಾವ ಹೊರಟರು. ಟಾರ್ಚು ಮಡಿಲಲ್ಲಿ ಇಟ್ಟುಕೊಂಡು ನಾನು ಜಗಲಿಯ ಮೇಲೆ ಕೂತೆ. ಬೈಕಿನ ಸದ್ದು ಏರಿಯ ಮೇಲೆ ಹೋಗುವುದು ಕೇಳುತ್ತಿತ್ತು. ತಿರುವಿನ ಹತ್ತಿರ ಬಂದಾಗ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಎದ್ದು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮತ್ತೆ ಸದ್ದಾಯಿತು, ಮೇನ್‌ರೋಡಿನ ಕಡೆ ಸಾಗಿತು. ಅವರು ಹಿಂತಿರುಗುವವರೆಗೆ ನಾನು ಒಲೆ ಹಚ್ಚಲಿಲ್ಲ.

ಬಿಸಿಲು ಬಿದ್ದ ಮೇಲೆ ಬಂದರು. ಖಾಲಿ ಕ್ಯಾನಿನೊಳಗೆ ಕೈ ಹಾಕಿ, ತಲೆಗಾತ್ರದ ಒಂದು ಕಲ್ಲು ತೆಗೆದು ನನ್ನ ಕಾಲ ಹತ್ತಿರ ದಡಕ್ಕನೆ ಹಾಕಿದರು.

"ತಿರುವಲ್ಲಿ ಬಿದ್ದಿತ್ತು, ನಟ್ಟನಡುವೆ. ನಿನ್ ತಗಡು ಅಷ್ಟು ದೂರದಿಂದ್ಲೇ ಹೊಳೀತು, ಅದ್ಕೇ ನಿಧಾನ ಮಾಡ್ದೆ. ನಿಧಾನ ಮಾಡಿದ್ಕೆ ಇದು ಕಾಣ್ತು. ಹೋಗ್ತಾ ಬದಿಗಿಟ್ಟಿದ್ದೆ, ಬರ್ತಾ ಎತ್ಕೊಂಡ್ಬಂದೆ."

ಕಣ್ಣಿಗೆ ನೀರು ಬಂದದ್ದು ಅವರಿಗೆ ಕಾಣದಿರಲಿ ಎಂದು ಬಗ್ಗಿ ಕಲ್ಲು ಎತ್ತಿಕೊಂಡೆ. ಒದ್ದೆಯಾಗಿತ್ತು, ಒಳ್ಳೇ ಭಾರವಿತ್ತು.

ಭಾವ ಕ್ಯಾನುಗಳನ್ನು ತೊಳೆಯಲು ಹಾಕಿ, ಕೊಟ್ಟಿಗೆಯ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

"ಮುಂದೆ ದಾರೀಲಿ ಸೇತುವೆ ಹತ್ರಾನೂ ಒಂದು ಬೇಕು ಕಣಮ್ಮ" ಎಂದರು. "ಹಳೇದೇ ಹಾಕ್ಸು."